ಮರಳಿನಲ್ಲಿ ಎರಡು ಸಾಲು

‘ಹೆಸ್ಟರ್’ ದೋಣಿ ನಿಂತದ್ದು ಎಷ್ಟು ಮೆಲ್ಲಗೆ ಎಂದರೆ ಒಲೆಯ ಮೇಲಿದ್ದ ಓಟ್ಸ್ ಗಂಜಿ ಕೂಡ ತುಳುಕಲಿಲ್ಲ. ಸೌಟು ಹಿಡಿದಿದ್ದ ಡಾರ್ಕಸ್‌ಗೆ ಮೊದಲು ತಿಳಿದದ್ದು ಸದ್ದು ಬದಲಾದದ್ದು. ಬೆಳಗಿನಿಂದ ದೋಣಿಯ ಪಕ್ಕೆಗೆ ಉಜ್ಜಿಕೊಂಡು ಬರುತ್ತಿದ್ದ ನೀರು ಸುಮ್ಮನಾಗಿ, ಎಂಜಿನ್ನು ಮಾತ್ರ ಗೊಣಗುತ್ತಿತ್ತು. ಗಂಜಿ ತಳ ಹಿಡಿದೀತೆಂದು ಅವಳು ಕೆಳಗಿಳಿದು ಎರಡು ನಿಮಿಷವಾಗಿತ್ತು, ಅಷ್ಟೆ. ಆಗಬೇಕಾದ್ದು ಆ ಎರಡು ನಿಮಿಷದಲ್ಲೇ ಆಗಿಹೋಗಿತ್ತು.

ಅವಳು ಮೇಲೆ ಬಂದಾಗ ಗಂಡ ಲೋವೆಲ್ ಚುಕ್ಕಾಣಿಯ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು, ದೋಣಿ ಇನ್ನೂ ಓಡುತ್ತಿದೆಯೇನೋ ಎಂಬಂತೆ ಮುಂದೆ ನೋಡುತ್ತ ನಿಂತಿದ್ದ. ದಕ್ಷಿಣಕ್ಕೆ ಹೋಗುವವರು, ಆಳದ ದಾರಿ ತೋರಲು ನೀರಿನಲ್ಲಿ ನೆಟ್ಟ ಹಸಿರು ಕಂಬವನ್ನು ಎಡಕ್ಕೆ ಬಿಟ್ಟು ಸಾಗಬೇಕು. ಅದು ಬಲಕ್ಕಿತ್ತು. ಕಂಬದ ತುದಿಯಲ್ಲಿ ಒಂದು ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು.

"ಮರಳು," ಅಂದ ಲೋವೆಲ್. "ಹೋದ ವರ್ಷ ಇಲ್ಲಿರಲಿಲ್ಲ ಇದು."

ಹೋದ ವರ್ಷ ನಾವು ಕಂಬದ ಈ ಕಡೆ ಬಂದೇ ಇರಲಿಲ್ಲವಲ್ಲ ಮಾರಾಯ ಎಂಬ ಮಾತು ನಾಲಿಗೆಯ ತುದಿಗೆ ಬಂದರೂ ಡಾರ್ಕಸ್ ನುಂಗಿಕೊಂಡಳು. ಹಿಂದಿನಿಂದ ಗೆಳೆಯರ ದೋಣಿ ‘ಮಿಮೋಜಾ’ ತನ್ನ ಬಿಳಿ ಮೂತಿಯನ್ನು ಇವರ ಕಡೆಗೇ ತಿರುಗಿಸಿಕೊಂಡು ಬರುತ್ತಿತ್ತು. ಬೇಡ, ಬೇಡ ಎಂದು ಅವಳು ಎರಡೂ ಕೈ ಬೀಸಿದಳು. ಐವತ್ತು ಅಡಿ ಆಚೆಗೆ ಅದೂ ಒಮ್ಮೆ ಮುಗ್ಗರಿಸಿ ನಿಂತಿತು. ರೇಡಿಯೋ ಗರಗರ ಎಂದಿತು.

"ಹೆಸ್ಟರ್, ಹೆಸ್ಟರ್, ಇದು ಮಿಮೋಜಾ. ನಾವೂ ಬಂದ್ವಿ," ಗ್ಯಾಸ್ಟನ್‌ನ ದಪ್ಪ ದನಿ. "ಕಾಫಿ ಇದೆಯಾ, ನಾವೇ ಮಾಡ್ಕೋಬೇಕಾ?"

ಲೋವೆಲ್‌ನ ಭುಜ ಸಡಿಲವಾದದ್ದನ್ನು ಡಾರ್ಕಸ್ ಕಂಡಳು. ಚಳಿಗೆ ಮುಂಚೆ ದಕ್ಷಿಣಕ್ಕೆ ಇಳಿಯುವ ಈ ದೋಣಿವಾಸಿಗಳಲ್ಲಿ ಒಂದು ನ್ಯಾಯವಿದೆ: ಒಂದು ದೋಣಿ ಮರಳು ಹತ್ತಿದರೆ ತಪ್ಪು ನಾವಿಕನದು, ಎರಡು ಹತ್ತಿದರೆ ತಪ್ಪು ಕಂಬದ್ದು. ಒಂಟಿಯಾಗಿ ಹತ್ತಿದವನ ಕಥೆ ಅವನಿಗಿಂತ ಮೊದಲೇ ಮುಂದಿನ ಲಂಗರುದಾಣಕ್ಕೆ ತಲುಪಿರುತ್ತದೆ. ವಸಂತದಲ್ಲಿ ಉತ್ತರಕ್ಕೆ ಮರಳುವವರೆಗೂ ಅವನನ್ನು ಯಾರೂ ನೆಮ್ಮದಿಯಾಗಿ ಬಿಡುವುದಿಲ್ಲ.

"ಕಂಬ ಜರುಗಿಸಿದಾರೆ ಕಣೋ!" ಲೋವೆಲ್ ರೇಡಿಯೋದಲ್ಲಿ ಕೂಗಿದ.

"ಮತ್ತೆ? ನಮ್ಮಂಥ ಇಬ್ಬರು ಗಂಡಸರು ತಪ್ಪು ಮಾಡೋದುಂಟಾ?"

ಅಂತೂ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಉತ್ತರ ತುದಿಯ ಮೇಯ್ನ್‌ನ ಕಲ್ಲುತೀರದಿಂದ ಇದು ಅವರ ಹದಿನಾಲ್ಕನೆಯ ಚಳಿಗಾಲದ ಪಯಣ. ದೋಣಿಯ ಹಲಗೆಯ ಮೇಲೆ ಮೊದಲ ಹಿಮದ ಪುಡಿ ಕಂಡ ದಿನ ಲಂಗರು ಎತ್ತುವುದು, ಗ್ಯಾಸ್ಟನ್ ಮತ್ತು ಅವನ ಹೆಂಡತಿ ಒಡೀಲ್ ಇನ್ನೂ ಮೇಲಿನ ನ್ಯೂ ಬ್ರನ್ಸ್‌ವಿಕ್‌ನಿಂದ ಇಳಿದು ಬಂದು ಕೂಡಿಕೊಳ್ಳುವುದು, ಹೊಳೆ ಕಾಲುವೆಗಳ ಒಳದಾರಿ ಹಿಡಿದು ಜಾರ್ಜಿಯಾದ ಈ ಜೌಗುಹುಲ್ಲಿನ ನಾಡು ದಾಟುವುದು, ಕ್ರಿಸ್‌ಮಸ್‌ಗೆ ದಕ್ಷಿಣದ ಬೆಚ್ಚನೆಯ ದ್ವೀಪಗಳಲ್ಲಿರುವುದು. ಮುಂದೆ ಯಾವಾಗಲೂ ಹೆಸ್ಟರ್, ಹಿಂದೆ ಮಿಮೋಜಾ. ಊರಿನ ಮನೆಯನ್ನು ಡಾರ್ಕಸ್, ಲೋವೆಲ್ ಮಾರಿ ಎಂಟು ವರ್ಷವಾಗಿತ್ತು. ಇರುವುದೆಲ್ಲ ಈ ಮೂವತ್ತಾರು ಅಡಿಯ ದೋಣಿಯೇ: ಮಂಚ, ಒಲೆ, ಪುಸ್ತಕ, ಚಳಿಯಂಗಿ, ಜಗಳ, ಎಲ್ಲ.

ಕಂಬ ಬಂದಾಗಲೆಲ್ಲ ಅದರ ಬಣ್ಣ, ನಂಬರು ಗಟ್ಟಿಯಾಗಿ ಹೇಳುವುದು ಡಾರ್ಕಸ್‌ಳ ರೂಢಿ. ಮೊದಲು ಅದು ಬರೀ ಹೊತ್ತು ಕಳೆಯುವ ಆಟವಾಗಿತ್ತು. ಈ ಸಲ ಹೊರಟ ಮೂರನೆಯ ದಿನ ಅವಳಿಗೆ ಗೊತ್ತಾಯಿತು, ಲೋವೆಲ್ ಅವಳ ದನಿಗೆ ಕಾಯುತ್ತಾನೆ, ಅದು ಬಂದ ಮೇಲಷ್ಟೇ ಚಕ್ರ ತಿರುಗಿಸುತ್ತಾನೆ. ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಒಬ್ಬನೇ ಹೋಗಿಬಂದು, "ವಯಸ್ಸಿಗೆ ಚೆನ್ನಾಗೇ ಇದೆಯಂತೆ" ಎಂದಿದ್ದ. ಅವಳು ಹೆಚ್ಚು ಕೇಳಲಿಲ್ಲ. ಕೇಳಿ, ಅವನು ನಿಜ ಹೇಳಿಬಿಟ್ಟರೆ ಆಮೇಲೆ ಚುಕ್ಕಾಣಿ ಹಿಡಿಯುವವರು ಯಾರು? ಬಯಲ ಕಡಲಿನಲ್ಲಿ ಅವಳು ಹಿಡಿದದ್ದುಂಟು. ಇಂಥ ಕಿರಿದಾದ ನೀರಿನಲ್ಲಿ ಒಂದು ದಿನವೂ ಇಲ್ಲ. ದೋಣಿ ಹೋದರೆ ಮನೆ ಹೋದಂತೆ. ಆದ್ದರಿಂದ ಅವಳು ಹೊಲಿಗೆ, ಅಡಿಗೆ ಎಲ್ಲ ಬಿಟ್ಟು ದಿನವಿಡೀ ಮೇಲೆ ಕೂತು ಕಂಬಗಳನ್ನು ಕೂಗುತ್ತಿದ್ದಳು.

ನೀರು ಇಳಿಯತೊಡಗಿತು. ಇಲ್ಲಿ ಇಳಿತವೆಂದರೆ ಆಳುದ್ದ. ಬಂದ ನೀರು ಬಂದ ಹಾಗೇ ಹೊರಟುಹೋಗುತ್ತದೆ. ಎಳೆದಾಡಿ ಎಂಜಿನ್ನಿನ ಗಂಟಲಿಗೆ ಮರಳು ತುಂಬುವುದಕ್ಕಿಂತ ಸಂಜೆಯ ಉಬ್ಬರಕ್ಕೆ ಕಾಯುವುದೇ ಲೇಸು. ನಾಲ್ಕೂ ಜನ ಹಾಸಿಗೆ ದಿಂಬುಗಳನ್ನೆಲ್ಲ ಹೊತ್ತು ತಂದು, ದೋಣಿಗಳು ಒರಗುವ ಕಡೆಗೆ ಪಕ್ಕೆಯ ಕೆಳಗೆ ತುರುಕಿದರು. ಹನ್ನೊಂದು ಗಂಟೆಯ ಹೊತ್ತಿಗೆ ಎರಡು ದೋಣಿಗಳೂ ಊಟವಾದ ಮುದುಕರಂತೆ ಮಗ್ಗುಲಾಗಿ ಮಲಗಿದ್ದವು.

ಸುತ್ತಲೂ ಕಣ್ಣು ಹಾಯುವಷ್ಟು ದೂರ ಹೊಂಬಣ್ಣದ ಹುಲ್ಲು. ಅದರ ಬುಡದ ಕೆಸರು ಆರುತ್ತ ಚಿಟಪಟ ಎನ್ನುತ್ತಿತ್ತು. ಬೆಳಗ್ಗೆ ನೀರಿದ್ದ ಕಡೆ ಈಗ ಉದ್ದ ಕಾಲಿನ ಹಕ್ಕಿಗಳು ಓಡಾಡುತ್ತಿದ್ದವು. ನವೆಂಬರಿನ ಬಿಸಿಲು ಬೆಚ್ಚಗೆ, ಅವಸರವಿಲ್ಲದೆ ಬಿದ್ದಿತ್ತು. ಹೊಳೆಯ ನಡುವೆ, ನಕ್ಷೆಯಲ್ಲಿ ನೀಲಿ ಬಳಿದ ಜಾಗದಲ್ಲಿ ತಾನು ಬರಿಗಾಲಲ್ಲಿ ನಿಂತಿದ್ದೇನೆ ಎಂಬುದು ಡಾರ್ಕಸ್‌ಗೆ ನಂಬುವಂತಿರಲಿಲ್ಲ. ಒಂದು ಗಳಿಗೆ ಅವಳಿಗೆ ಭಯ ಮರೆತೇಹೋಯಿತು. ನೀರು ಬರುವುದೇ ಬೇಡ, ಹೀಗೇ ಇದ್ದುಬಿಡೋಣ ಅನ್ನಿಸಿತು.

ಒಡೀಲ್ ತಟ್ಟೆ ಹಿಡಿದು ಬಂದಳು. ಒಂದೇ ಬದಿ ಬೇಯಿಸಿದ, ತೂತುತೂತಾದ ಅವಳ ಊರಿನ ದೋಸೆ, ಮೇಲೆ ಕಪ್ಪು ಕಾಕಂಬಿ. ದೋಣಿಯೊಳಗೆ ಎಲ್ಲ ಓರೆಯಾದರೂ ತೂಗಾಡುವ ಒಲೆಯೊಂದು ನೆಟ್ಟಗೆ ನಿಲ್ಲುತ್ತದೆ, ಹಾಗಾಗಿ ದೋಸೆಗೆ ತೊಂದರೆಯಾಗಿರಲಿಲ್ಲ.

"ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದ್ಳಂತೆ," ಅವಳು ಹಾಸಿದ ಹಾಯಿಬಟ್ಟೆಯ ಮೇಲೆ ಕೂರುತ್ತ ಅಂದಳು. "ಇವತ್ತು ನೆಲ ನಿಜವಾಗ್ಲೂ ಡೊಂಕೇ. ಇನ್ನು ಯಾರನ್ನ ಬೈಯೋಣ?"

"ಕಂಬಾನ ಬೈ," ಅಂದ ಗ್ಯಾಸ್ಟನ್.

"ಕಂಬ ಪಾಪ ನಿಂತಲ್ಲೇ ನಿಂತಿದೆ. ಅದಕ್ಕಿರೋ ಬುದ್ಧಿ ಕೆಲವರಿಗಿಲ್ಲ." ಅವಳು ಗಂಡನ ಕಡೆ ತಿರುಗದೆಯೇ ತಟ್ಟೆ ಅವನ ಮುಂದೆ ದಬಕ್ಕನೆ ಇಟ್ಟಳು. ಬೆಳಗಿನಿಂದ ಅವರಿಬ್ಬರಿಗೆ ಮಾತಿಲ್ಲ ಎಂಬುದನ್ನು ಡಾರ್ಕಸ್ ಆಗಲೇ ಗಮನಿಸಿದ್ದಳು. ದೋಣಿ ಕೆಟ್ಟೀತೆಂಬ ಚಿಂತೆ ಇರಬೇಕು ಎಂದುಕೊಂಡಳು.

ಲೋವೆಲ್ ಬಾಯಿ ತುಂಬ ದೋಸೆ ಇಟ್ಟುಕೊಂಡು ಈ ಮರಳಿನ ದಂಡೆ ಹೇಗೆ ಜರುಗಿರಬಹುದು, ಬೇಸಿಗೆಯ ಬಿರುಗಾಳಿ ಏನು ಮಾಡಿರಬಹುದು ಎಂದು ವಿವರಿಸುತ್ತಿದ್ದ. ಗ್ಯಾಸ್ಟನ್ ಹೌದಪ್ಪ ಹೌದು ಎಂದು ತಲೆಯಾಡಿಸುತ್ತಿದ್ದ. ಅವನಷ್ಟು ದೊಡ್ಡ ಆಳು, ಯಾವ ಮಾತಿಗೂ ಎದುರಾಡದೆ ಒಪ್ಪುವುದು ಡಾರ್ಕಸ್‌ಗೆ ವಿಚಿತ್ರವಾಗಿ ಕಂಡಿತು.

ಊಟ ಮುಗಿಸಿ ಲೋವೆಲ್ ಪ್ಯಾಂಟು ಮಡಿಚಿಕೊಂಡು ದಂಡೆ ನೋಡಿ ಬರುತ್ತೇನೆಂದು ಹೊರಟ. ಸ್ವಲ್ಪ ಹೊತ್ತಿನ ಮೇಲೆ ಅವಳು ನೋಡಿದರೆ ಅವನು ಕಣ್ಣು ಮುಚ್ಚಿಕೊಂಡು, ಒಂದು ಹೆಜ್ಜೆಯ ಮುಂದೆ ಇನ್ನೊಂದು ಇಡುತ್ತ, ಹಗ್ಗದ ಮೇಲೆ ನಡೆಯುವ ದೊಂಬರವನಂತೆ ನಡೆಯುತ್ತಿದ್ದ. ಆಮೇಲೆ ನಿಂತ. ಹಿಂದಕ್ಕೆ ಬಂದ. ಮತ್ತೆ ನಡೆದ.

"ಡಾರ್ಕಸ್," ಕರೆದ. "ಇಲ್ಲಿ ಬಾ ಸ್ವಲ್ಪ."

ಅವನ ಕಾಲು ಒಂದು ಸಾಲಿನೊಳಗಿತ್ತು. ಬೆಳಗ್ಗೆ ದೋಣಿ ದಂಡೆ ಹತ್ತುವಾಗ ಅದರ ಅಡಿಯಲ್ಲಿ ಚಾಚಿದ ಏಣು ನೇಗಿಲಿನಂತೆ ಮರಳನ್ನು ಉತ್ತುಕೊಂಡು ಬಂದಿತ್ತು. ಸಾಲಿನ ತಳದಲ್ಲಿ ಪಾದ ಮುಳುಗುವಷ್ಟು ತಣ್ಣನೆಯ ನೀರು.

"ಆ ಕಡೆಯದು ನಮ್ಮದು. ನೇರ ಇದೆ, ಕುರಿ ಹಳ್ಳಕ್ಕೆ ಬಿದ್ದ ಹಾಗೆ ಬಂದಿದೀನಿ," ಅಂದ. "ಇದು ಗ್ಯಾಸ್ಟನ್‌ದು. ನಡಿ ಇದರೊಳಗೆ, ತುದಿವರೆಗೆ."

ಅವಳು ನಡೆದಳು. ಹಿಂದೆ ಬಂದ ದೋಣಿಯ ಸಾಲು ಮುಂದಿನದರ ಸಾಲನ್ನು ಎಲ್ಲಾದರೂ ಕೂಡಬೇಕಿತ್ತು. ಇದು ಕೂಡಲಿಲ್ಲ. ಪಕ್ಕಕ್ಕೆ ಬಾಗಿ, ದೂರ ಸರಿಯುತ್ತ ಸರಿಯುತ್ತ, ದಂಡೆಯ ಅಂಚಿನಲ್ಲಿ, ಕಡುಹಸಿರು ನೀರಿನ ಬಾಯಲ್ಲಿ ಮುಗಿಯಿತು.

"ಕಂಬ ಎಲ್ಲಿದೆ ಹೇಳು," ಹಿಂದಿನಿಂದ ಲೋವೆಲ್ ಕೇಳಿದ.

ಅವಳು ತಿರುಗಿ ನೋಡಿದಳು. ಕಂಬ ಎರಡು ಸಾಲುಗಳ ನಡುವೆ ನಿಂತಿತ್ತು. ಹೆಸ್ಟರ್ ಅದರ ಒಳಗಿನಿಂದ ಬಂದಿತ್ತು. ಮಿಮೋಜಾ ಅದರ ಹೊರಗಿನಿಂದ, ಆಳದ ಕಡೆಯಿಂದ, ಸರಿಯಾದ ದಾರಿಯಿಂದ ಬಂದಿತ್ತು.

"ಅವನು ಕಂಬ ದಾಟಿದ್ದ," ಅಂದ ಲೋವೆಲ್. "ನೀರು ಬೇಕಾದಷ್ಟಿತ್ತು. ನಾನು ಸಿಕ್ಕಿಹಾಕ್ಕೊಂಡಿದ್ದು ನೋಡಿ, ಆಮೇಲೆ ತಿರುಗಿಸಿದಾನೆ."

"ಗೊತ್ತಿದ್ದೂ?"

"ಗೊತ್ತಿದ್ದೇ. ಅವನ ಕಣ್ಣು ನೆಟ್ಟಗಿದೆ."

ಡಾರ್ಕಸ್ ಹಾಯಿಬಟ್ಟೆಯ ಕಡೆ ನೋಡಿದಳು. ಗ್ಯಾಸ್ಟನ್ ಅಂಗಾತ ಮಲಗಿ ಟೋಪಿ ಮುಖದ ಮೇಲೆ ಹಾಕಿಕೊಂಡಿದ್ದ. ಒಡೀಲ್ ಬೆನ್ನು ತಿರುಗಿಸಿ ತಟ್ಟೆ ಉಜ್ಜುತ್ತಿದ್ದಳು. ಗೆಳೆಯನೊಬ್ಬ ಒಂಟಿಯಾಗಿ ನಗೆಪಾಟಲಾಗಬಾರದೆಂದು ಈ ಮನುಷ್ಯ ತನ್ನ ಹೆಂಡತಿಯನ್ನೂ, ಮನೆಯನ್ನೂ ಮರಳಿಗೆ ನುಗ್ಗಿಸಿದ್ದ. ಇಲ್ಲಿ ಮರಳು. ಮುಂದಿನ ಸಲ ಬಂಡೆ ಇದ್ದರೆ? ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ತಾನು ಮುಚ್ಚಿಟ್ಟದ್ದನ್ನು ಅವರೂ ಮುಚ್ಚಿಡುತ್ತ ಬಂದಿದ್ದರು.

"ಡಾಕ್ಟ್ರು ಏನಂದ್ರು ಅಂತ ನೀನು ಕೇಳ್ಲೇ ಇಲ್ಲ," ಅಂದ ಲೋವೆಲ್.

"ನೀನು ಹೇಳ್ತೀಯ ಅಂತ ಕಾದೆ."

"ನೀನು ಕೇಳ್ತೀಯ ಅಂತ ನಾನು ಕಾದೆ." ಅವನು ಪಾದದಿಂದ ಸಾಲಿನ ಅಂಚನ್ನು ಸವರಿದ. "ನೇರ ನೋಡಿದ್ರೆ ನಡುವೆ ಹೊಗೆ. ಏನು ನೋಡಬೇಕೋ ಅದೇ ಇರಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಅಂಚಲ್ಲಿ ಸಿಗತ್ತೆ, ಕಳ್ಳನ ಹಾಗೆ. ಕನ್ನಡಕದಲ್ಲಿ ಹೋಗೋದಲ್ವಂತೆ. ಇನ್ನೂ ಹೆಚ್ಚುತ್ತಂತೆ."

"ಬೆಳಗ್ಗೆ ನಾನು ಕೆಳಗೆ ಹೋಗಬಾರದಿತ್ತು."

"ಗಂಜಿ ಮಾಡಬಾರದಿತ್ತು ಅನ್ನು," ನಗಲು ನೋಡಿದ. ಆಗಲಿಲ್ಲ.

"ನಂಗೆ ಹೆದರಿಕೆ, ಲೋವೆಲ್."

"ಇಷ್ಟು ಕಿರಿದಾದ ನೀರಲ್ಲಿ ನಡೆಸೋಕಾ?"

"ಅದೂ ಹೌದು. ಅದಲ್ಲ. ನಾನು ಚುಕ್ಕಾಣಿ ಹಿಡಿದ್ರೆ ನೀನು ಪಕ್ಕದಲ್ಲಿ ಕೂತು ಮುದುಕ ಆಗಿಬಿಡ್ತೀಯ."

ಅವರ ತಲೆಯ ಮೇಲೆ ಬಾತುಗಳ ಒಂದು ಉದ್ದ ಗೆರೆ ದಕ್ಷಿಣಕ್ಕೆ ಹಾದುಹೋಯಿತು. ಅವುಗಳ ಕೂಗು ನಿಂತ ಮೇಲೂ ಲೋವೆಲ್ ಕಿವಿ ಅತ್ತಲೇ ಇಟ್ಟಿದ್ದ. ಆಮೇಲೆ ಅವಳ ಭುಜಕ್ಕೆ ಕೈ ಹಾಕಿದ. ಇಬ್ಬರೂ ಹಾಯಿಬಟ್ಟೆಯ ಹತ್ತಿರ ಬಂದರು.

"ಗ್ಯಾಸ್ಟನ್."

"ಹ್ಞೂಂ," ಟೋಪಿಯ ಕೆಳಗಿನಿಂದ.

"ಇನ್ನೊಂದ್ಸಲ ನಾವು ಮರಳು ಹತ್ತಿದ್ರೆ ನೀನು ಹತ್ತಬೇಡ. ಒಬ್ಬರಾದ್ರೂ ತೇಲ್ತಾ ಇರಬೇಕು, ಎಳೆಯೋದಕ್ಕೆ."

ಒಡೀಲ್ ತಟ್ಟೆ ಉಜ್ಜುವುದನ್ನು ನಿಲ್ಲಿಸಿದಳು.

"ಇನ್ನೊಂದ್ಸಲ ಹತ್ತಿಸ್ತೀಯೇನೋ?" ಗ್ಯಾಸ್ಟನ್ ಕೇಳಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಇಲ್ಲ," ಅಂದ ಲೋವೆಲ್. "ಇನ್ಮೇಲೆ ಡಾರ್ಕಸ್ ನಡೆಸ್ತಾಳೆ. ಅವಳು ಹತ್ತಿಸಲ್ಲ."

ಒಡೀಲ್ ಎದ್ದು ಬಂದು, ಮರಳು ಮೆತ್ತಿದ ಒದ್ದೆ ಕೈಯಲ್ಲೇ ಡಾರ್ಕಸ್‌ಳನ್ನು ಅಪ್ಪಿಕೊಂಡಳು. ಗ್ಯಾಸ್ಟನ್ ಟೋಪಿಯನ್ನು ಮುಖದಿಂದ ತೆಗೆಯಲೇ ಇಲ್ಲ. ಅವನ ದೊಡ್ಡ ಎದೆ ಮಾತ್ರ ಏರುತ್ತ ಇಳಿಯುತ್ತ ಇತ್ತು. ಸ್ವಲ್ಪ ಹೊತ್ತಿನ ಮೇಲೆ ಒಡೀಲ್ ಹೋಗಿ ಅವನ ಪಕ್ಕ ಕೂತು, "ಏಳು, ಕಾಫಿ ಬೇಕಾ?" ಎಂದು ಕೇಳಿದಳು.

ಮೂರು ಗಂಟೆಯ ಮೇಲೆ ನೀರು ಬರತೊಡಗಿತು. ಮೊದಲು ಸಾಲುಗಳೊಳಗೆ ಹರಿದು ಬಂತು. ಆಮೇಲೆ ಸಾಲು ಯಾವುದು, ದಂಡೆ ಯಾವುದು ತಿಳಿಯದಂತೆ ಎಲ್ಲ ಕಡೆಯಿಂದ ಬಂತು. ದಿಂಬುಗಳನ್ನು ಎಳೆದುಕೊಂಡು ಅವರು ತಂತಮ್ಮ ದೋಣಿ ಏರಿದರು. ಮಿಮೋಜಾ ಮೊದಲು ಎದ್ದು ಆಳಕ್ಕೆ ಸರಿದು, ದೀಪ ಹಚ್ಚಿ, ಮುಂದೆ ಹೋಗದೆ ಅಲ್ಲೇ ಕಾಯುತ್ತ ನಿಂತಿತು.

ಡಾರ್ಕಸ್ ಚಕ್ರದ ಹಿಂದೆ ನಿಂತಳು. ದೋಣಿ ಇನ್ನೂ ಓರೆಯಾಗಿತ್ತು, ಅವಳೂ ಓರೆಯಾಗಿ ನಿಂತಿದ್ದಳು. ಹುಲ್ಲಿನ ಮೇಲಿನ ಹೊಂಬಣ್ಣ ಬೂದಿಯಾಗುತ್ತ ಬಂದಿತ್ತು. ಎಷ್ಟು ಹೊತ್ತು ಕಾದಳೋ, ಕೆಳಗೆಲ್ಲೋ ಮರಳು ಒಮ್ಮೆ ಕಿರುಗುಟ್ಟಿ ಬಿಟ್ಟುಕೊಟ್ಟಿತು, ನೆಲ ಮೆಲ್ಲಗೆ ಸಮವಾಯಿತು. ಚಕ್ರ ಅವಳ ಅಂಗೈಯೊಳಗೆ ತಾನಾಗಿ ಮಿಸುಕಿತು.

ಲೋವೆಲ್ ಅವಳ ಎದುರಿನ ಹಲಗೆಯ ಮೇಲೆ ಕೂತಿದ್ದ. ಅವಳನ್ನು ನೋಡಲೆಂದು ಅವನು ಮುಖವನ್ನು ಸ್ವಲ್ಪ ಪಕ್ಕಕ್ಕೆ, ಖಾಲಿ ನೀರಿನ ಕಡೆಗೆ, ತಿರುಗಿಸಿಕೊಂಡಿದ್ದ.