ಹದಿನಾರು ಮಂದೆ

ಪುಟ್ಟಲಕ್ಷ್ಮಮ್ಮ ಚಾವಡಿಗೆ ಬರುವ ಹೊತ್ತಿಗೆ ಸನಾವುಲ್ಲಾ ಮೇಷ್ಟ್ರು ಕಾಗದದಲ್ಲಿ ಬರೆದುಕೊಂಡಿದ್ದ ಮೂರನೇ ಮಾತಿಗೆ ಬಂದುಬಿಟ್ಟಿದ್ದರು. ಮೊದಲಿನ ಎರಡು ಅವಳ ಕಿವಿಗೆ ಬೀಳಲಿಲ್ಲ. ಕುರಿಗಳನ್ನು ಹಟ್ಟಿಯಿಂದ ಹೊರಡಿಸಿ, ಎಳೆ ಮರಿಗಳನ್ನು ಬೇರೆ ಮಾಡಿ, ಗಂಡನ ಬುತ್ತಿ ಕಟ್ಟಿ ಬರುವುದರೊಳಗೆ ಹೊತ್ತು ಮಾರುದ್ದ ಏರಿತ್ತು.

ಹುಲಿಕಲ್ಲುದೊಡ್ಡಿಯ ಶಾಲೆ ನಡೆಯುತ್ತಿದ್ದದ್ದು ಆ ಚಾವಡಿಯಲ್ಲೇ. ಸಾತನೂರಿನಿಂದ ಎರಡು ಹರದಾರಿ ಒಳಗೆ, ಗುಡ್ಡದ ಮಗ್ಗುಲಿಗೆ ಒರಗಿಕೊಂಡಿದ್ದ ಆ ಊರಿಗೆ ಶಾಲೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಮೇಷ್ಟ್ರು ಚನ್ನಪಟ್ಟಣದವರು. ಮನೆಯಲ್ಲಿ ಅಪ್ಪ, ಅಣ್ಣಂದಿರೆಲ್ಲ ಅರಗಿನ ಬೊಂಬೆ ಮಾಡುವವರು. ಇವರೊಬ್ಬರು ಪರೀಕ್ಷೆ ಕಟ್ಟಿ ಮೇಷ್ಟ್ರಾದರು. ದೊಡ್ಡ ರಜಕ್ಕೆ ಮೊದಲು ತಾಯಿತಂದೆಯರನ್ನೆಲ್ಲ ಕರೆಸಿ ವಿಷಯ ತಿಳಿಸುವುದು ಅವರೇ ಹಾಕಿದ ಪದ್ಧತಿ. ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದರೆ ಓದುವವರಾರು?

"ಮೂರನೇದು, ತಲೆ," ಎಂದರು ಮೇಷ್ಟ್ರು. "ರಜದಲ್ಲಿ ಮಕ್ಕಳ ತಲೆಗೆ ಎಣ್ಣೆ ಹಾಕಿ, ಹೇನು ತೆಗೀರಿ. ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಒಂದು ಮಗುವೂ ತಲೆ ಕೆರಕೊಳ್ಳೋ ಹಾಗಿಲ್ಲ."

"ಹೇನು ಅವ್ರ್ ತಲೀಗೆ ಹಾರ್ಕಂಡ್ ಹೋಯ್ತದಾ ಮೇಷ್ಟ್ರೇ, ಇಲ್ಲಿಂದ ಅಲ್ಲೀಗಂಟ?" ಎಂದ ಪಟೇಲ ಚನ್ನಯ್ಯ. ಕಂಬಕ್ಕೆ ಒರಗಿ ಕೂತವನು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಎಲ್ಲರೂ ನಕ್ಕರು.

"ನಗಿ, ನಗಿ. ನಾಲ್ಕನೇದು, ಕಜ್ಜಿ. ಬೇವಿನ ನೀರಲ್ಲಿ ತೊಳೀರಿ, ಸಗಣಿ ಬಳೀಬೇಡಿ. ಐದನೇದು, ಸ್ಲೇಟು. ಕಳೆದ ರಜದಲ್ಲಿ ಒಂದು ಸ್ಲೇಟು ರಾಗಿ ಕಣದಲ್ಲಿ ಮೊರಕ್ಕೆ ಬದಲು ಬಳಕೆ ಆಗಿತ್ತು. ಯಾರದು ಅಂತ ಹೇಳಲ್ಲ."

ಯಾರದು ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರ ಕಣ್ಣೂ ಚನ್ನಯ್ಯನ ಹೆಂಡತಿಯ ಮೇಲೆ ಹೋಯಿತು.

"ಕೊನೇದು. ಇದಕ್ಕೆ ಮಾತ್ರ ನಗಬೇಡಿ." ಮೇಷ್ಟ್ರ ದನಿ ಇಳಿಯಿತು. "ಶಾಲೆ ಬಾಗಿಲು ತೆಗೆದ ದಿನವೇ ಸಾಹೇಬರು ಬರ್ತಾರೆ. ಅವತ್ತು ಹಾಜರಿಲ್ಲದ ಮಗುವಿನ ಹೆಸರು ಹೊಡೆದುಹಾಕ್ತಾರೆ. ಆಮೇಲೆ ತಂದೆಯೇ ಖುದ್ದಾಗಿ ಬಂದು ಮತ್ತೆ ಬರೆಸಬೇಕು. ನಾನು ಏನೂ ಮಾಡೋಕಾಗಲ್ಲ."

ಪುಟ್ಟಲಕ್ಷ್ಮಮ್ಮ ಕೂತಲ್ಲಿಂದ ಮುಂದಕ್ಕೆ ಸರಿದಳು. ಮಗಳು ಕೃಷ್ಣಮ್ಮನನ್ನು ಶಾಲೆಗೆ ಹಾಕಿದಾಗ ಗಂಡ ಬೀರಲಿಂಗಯ್ಯ ಹೇಳಿದ್ದು ಒಂದೇ ಮಾತು: "ಹೆಸ್ರು ಇರೋಗಂಟ ಓದ್ಲಿ. ಹೊಡ್ದಾಕಿದ್ ದಿನ ಮಂದೆಗೆ ಬತ್ತಾಳೆ. ಆಮೇಕೆ ನನ್ ತಾವ ಮಾತಿಲ್ಲ." ಬೀರಲಿಂಗಯ್ಯ ಹೊಡೆಯುವವನಲ್ಲ, ಬಯ್ಯುವವನಲ್ಲ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವವನೂ ಅಲ್ಲ.

ಗಂಡು ಹುಡುಗರಿಬ್ಬರನ್ನೂ ಕುರಿ ಹಿಂದೆ ಬಿಟ್ಟು ಹೆಣ್ಣುಕೂಸನ್ನು ಓದಲು ಕೂರಿಸಿದ್ದಾಳೆಂದು ಊರೆಲ್ಲ ಆಡಿಕೊಂಡಿತ್ತು. ಅವಳು ತಲೆ ಕೆಡಿಸಿಕೊಂಡಿರಲಿಲ್ಲ. ಎರಡು ವರ್ಷದ ಹಿಂದೆ ಕಾಡಿನ ಗಾರ್ಡು ಅವರ ಮೇವಿನ ರಹದಾರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಈ ಗುಡ್ಡದ್ದಲ್ಲ ಎಂದು ಕುರಿಯನ್ನೆಲ್ಲ ಸರ್ಕಾರದ ದೊಡ್ಡಿಗೆ ಹೊಡೆದಿದ್ದ. ತಾಯಿಗಳು ಒಳಗೆ, ಮರಿಗಳು ಹೊರಗೆ. ಮೂರು ದಿನದಲ್ಲಿ ಹಾಲಿಲ್ಲದೆ ಹನ್ನೊಂದು ಮರಿ ಸತ್ತವು. ನಾಲ್ಕನೇ ದಿನ ಯಾರೋ ಓದು ಬಲ್ಲವರು ನೋಡಿ, ರಹದಾರಿ ಇದೇ ಗುಡ್ಡದ್ದು ಎಂದರು. ಆವತ್ತೇ ಅವಳು ತೀರ್ಮಾನ ಮಾಡಿದ್ದಳು, ನನ್ನ ಮನೆಯಲ್ಲಿ ಒಬ್ಬರಾದರೂ ಕಾಗದ ಓದಬೇಕು ಎಂದು.

ಜನ ಏಳತೊಡಗಿದರು. ಅವಳು ಸೆರಗು ಹೊದ್ದು ಮೇಷ್ಟ್ರ ಬಳಿ ಬಂದಳು.

"ಬಾಗ್ಲು ತೆಗ್ಯಾದು ಯಾವತ್ತು ಸ್ವಾಮಿ? ನಾ ಬರೋದ್ರೊಳ್ಗೆ ಅದಾಗೋಗಿತ್ತು."

"ಜನವರಿ ಐದನೇ ತಾರೀಕಮ್ಮ."

ಅವಳಿಗೆ ತಿಳಿಯಲಿಲ್ಲ. ತಾರೀಕು ಎಂಬುದು ಕಾನಕಾನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಇರುವ ಪದಾರ್ಥ. ಮೇಷ್ಟ್ರಿಗೆ ಅರ್ಥವಾಯಿತು. ಅವರು ಒಳ್ಳೆಯವರು. ಎದುರಿಗಿರುವವರ ಮಾತಿನಲ್ಲೇ ಹೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ನಂಬಿದ್ದವರು. ಬೆರಳು ಮಡಿಸಿ ಎಣಿಸಿದರು.

"ನೀವು ಮಂದೆ ಹೊರಡಿಸ್ತೀರಲ್ಲ, ಯಾವತ್ತು?"

"ಇವತ್ತೇಯ. ಈ ರಾತ್ರಿ ಪಟೇಲ್ರ ಹೊಲ್ದಲ್ಲಿ ಮೊದುಲ್ನೇ ಮಂದೆ. ಆಮೇಕೆ ಚನ್ನಪಟ್ಟಣದ ಕಡೀಕೆ."

"ಹಾಗಾದರೆ ಸುಲಭ. ಇವತ್ತಿನದೂ ಸೇರಿ ಹದಿನಾರು ಮಂದೆ. ಹದಿನಾರು ಕಳೆದ ಬೆಳಿಗ್ಗೆ ಮಗು ಇಲ್ಲಿರಬೇಕು. ತಿಳೀತಾ?"

"ತಿಳೀತು ಸ್ವಾಮಿ," ಎಂದಳು ಅವಳು. ಮುಖ ಅರಳಿತ್ತು.

ಪೈರು ಕೊಯ್ದು ಬರಿದಾದ ಹೊಲದಲ್ಲಿ ಒಂದು ರಾತ್ರಿ ಕುರಿ ತರುಬಿ ಮಲಗಿಸಿದರೆ ಅದು ಒಂದು ಮಂದೆ. ಹಿಕ್ಕೆ, ಗಂಜಲ ಹೊಲಕ್ಕೆ. ಹೊಲದವನು ಕೊಡುವ ರಾಗಿ ಕುರಿಯವರಿಗೆ. ಮರಿ ಹಾಕುವ ಕಾಲವೂ ಅದೇ ಆದ್ದರಿಂದ ಮನೆಮಂದಿಯೆಲ್ಲ ಹೊರಡಬೇಕು. ಕೃಷ್ಣಮ್ಮನೂ ಸ್ಲೇಟು ಕಂಕುಳಲ್ಲಿಟ್ಟುಕೊಂಡು ಹೊರಟಳು. ಪುಟ್ಟಲಕ್ಷ್ಮಮ್ಮ ಕಪ್ಪು ಉಣ್ಣೆಯ ದಾರವೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ದಿನಾ ಬೆಳಿಗ್ಗೆ ಮಂದೆ ಎಬ್ಬಿಸಿದ ಕೂಡಲೇ ಅದಕ್ಕೊಂದು ಗಂಟು.

ಮಂಜಿನ ಹನಿ ಬೀಳುವ ಕಾಲ. ಬೆಳಗಾದರೆ ಕಂಬಳಿಯ ಮೇಲೆಲ್ಲ ಬಿಳಿ ನೀರು. ಹೊಲದ ಬದುಗಳಲ್ಲಿ ಅವರೆ ಸೊಗಡು ಮೂಗಿಗೆ ಹೊಡೆಯುತ್ತಿತ್ತು. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ, ಒಂದೊಂದು ದಿನಕ್ಕೆ ಕಾಲು ಹರದಾರಿ, ಅರ್ಧ ಹರದಾರಿ, ಮಂದೆ ಪಡುವಲಿಗೆ ಸರಿಯುತ್ತಿತ್ತು. ಕೃಷ್ಣಮ್ಮ ಆಗಷ್ಟೇ ಹುಟ್ಟಿದ ಮರಿಗಳನ್ನು ಹೊತ್ತು ನಡೆಯುತ್ತಲೇ ಪಾಠ ಒಪ್ಪಿಸುತ್ತಿದ್ದಳು. ಕೂತಲ್ಲಿ ಕಡ್ಡಿಯಿಂದ ನೆಲದ ಮೇಲೆ ಬರೆಯುತ್ತಿದ್ದಳು. ಕುರಿ ಬಂದು ತುಳಿದರೆ ಎದ್ದು ಇನ್ನೊಂದು ಕಡೆ ಬರೆಯುತ್ತಿದ್ದಳು.

"ಅದೇನ್ ಗೀಚಿದ್ದೀಯೆ ಕೂಸೇ?" ಎಂದ ಬೀರಲಿಂಗಯ್ಯ ಒಂದು ಸಂಜೆ.

"ನಿನ್ ಹೆಸ್ರು ಕನಪ್ಪ."

ಅವನು ಬಗ್ಗಿ ನೋಡಿದ. "ಇಷ್ಟುದ್ದ ಐತಾ?" ಎಂದ. ಆ ರಾತ್ರಿ ಅಲ್ಲಿ ಕುರಿ ತರುಬದೆ ನಾಲ್ಕು ಮಾರು ಆಚೆ ತರುಬಿದ. ಪುಟ್ಟಲಕ್ಷ್ಮಮ್ಮ ಕಂಡರೂ ಕಾಣದವಳಂತೆ ಇದ್ದಳು.

ನಡುವೆ ಅಮಾವಾಸ್ಯೆ ಬಂತು. ಅವರ ಒಕ್ಕಲಿನಲ್ಲಿ ಅಮಾವಾಸ್ಯೆಯ ರಾತ್ರಿ ಬೀರೇದೇವರದು. ಆವತ್ತು ಕುರಿಯನ್ನು ಯಾರ ಹೊಲಕ್ಕೂ ಬಿಡುವುದಿಲ್ಲ. ಬೀಳು ಗುಡ್ಡದ ಮೇಲೆ ತರುಬಿ, ಕಲ್ಲಿಗೆ ಹಾಲೆರೆದು, ಉಂಡು ಮಲಗುತ್ತಾರೆ. ಹೊಲವಿಲ್ಲ, ರಾಗಿಯಿಲ್ಲ, ಹಾಗಾಗಿ ಅದು ಮಂದೆಯೂ ಅಲ್ಲ. ಅಪ್ಪನ ಕಾಲದಿಂದಲೂ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದವರಲ್ಲ. ಮರುದಿನ ಬೆಳಿಗ್ಗೆ ಪುಟ್ಟಲಕ್ಷ್ಮಮ್ಮನ ಕೈ ದಾರದ ಕಡೆ ಹೋಗಲಿಲ್ಲ. ಹೋಗಬೇಕೆಂದು ಅವಳಿಗೆ ತೋಚಲೂ ಇಲ್ಲ.

ಹದಿನೈದನೇ ಗಂಟು ಹಾಕಿದ ಬೆಳಿಗ್ಗೆ ಅವಳು ಮಗಳ ತಲೆಗೆ ಹರಳೆಣ್ಣೆ ಒತ್ತಿ ಜಡೆ ಹೆಣೆದಳು. ಚನ್ನಪಟ್ಟಣ ಅಲ್ಲಿಂದ ಕೂಗಳತೆ. ಊರಿಗೆ ವಾಪಸು ಒಂದು ಹಗಲಿನ ದಾರಿ.

"ಇವತ್ತು ಹೊತ್ತು ಮುಳ್ಗೋದ್ರೊಳ್ಗೆ ಮನೆ ಸೇರ್ತೀವಿ. ಹದಿನಾರ್ನೇ ರಾತ್ರಿ ಮನೇಲೇ ಆಯ್ತದೆ. ನಾಳೀಕೆ ಬೆಳಿಗ್ಗೆ ಇಸ್ಕೂಲು," ಎಂದಳು ಗಂಡನಿಗೆ. "ಇವ್ಳುನ್ನ ಅಕ್ಕನ ಮನೇಲಿ ಬುಟ್ಟು ನಾಡಿದ್ದು ಬಂದ್ಬುಡ್ತೀನಿ."

"ಇನ್ನೂ ಮರಿ ಹಾಕ್ತಾವೆ. ಬಿರ್‍ನೆ ಬಾ," ಎಂದಷ್ಟೇ ಅಂದ ಬೀರಲಿಂಗಯ್ಯ.

ತಾಯಿ ಮಗಳು ಬಿಸಿಲಿಗೆ ಅಂಜದೆ ನಡೆದರು. ಸಾತನೂರು ದಾಟಿ ಕಾಲುದಾರಿಗೆ ಇಳಿಯುವಾಗ ಎದುರಿನಿಂದ ಕಮಾನು ಗಾಡಿಯೊಂದು ಬಂತು. ಮುಂದೆ ಬಿಲ್ಲೆ ಹಾಕಿದ ಜವಾನ. ಒಳಗೆ ಜರಿ ರುಮಾಲಿನ, ಉದ್ದ ಕೋಟಿನ ದೊಡ್ಡ ಮನುಷ್ಯ. ಇಬ್ಬರೂ ಬೇಲಿಗೆ ಒತ್ತಿ ನಿಂತರು. ಆ ಮನುಷ್ಯ ಕೃಷ್ಣಮ್ಮನ ಕಂಕುಳಲ್ಲಿದ್ದ ಸ್ಲೇಟನ್ನು ನೋಡಿದ. ಏನೋ ಕೇಳುವವನಂತೆ ಬಾಯಿ ತೆರೆದ. ಅಷ್ಟರಲ್ಲಿ ಗಾಡಿ ಮುಂದೆ ಹೋಯಿತು.

"ಯಾರವ್ವ?"

"ಅಮಲ್ದಾರ್‍ರೋ ಯಾರೋ. ನಡಿ, ಹೊತ್ತಾಯ್ತದೆ."

ಊರ ಬಾಗಿಲಲ್ಲೇ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಚಾವಡಿಯ ಮುಂದೆ ಸಾರಿಸಿ ರಂಗೋಲಿ ಹಾಕಿದ್ದರು. ರಂಗೋಲಿ ಆಗಲೇ ಕಾಲಿಗೆ ಸಿಕ್ಕಿ ಅಳಿಸಿತ್ತು. ಕಂಬಕ್ಕೆ ಕಟ್ಟಿದ್ದ ಮಾವಿನ ಸೊಪ್ಪು ಬಾಡಿ ಇಳಿಬಿದ್ದಿತ್ತು. ಮೇಷ್ಟ್ರು ಒಬ್ಬರೇ ಕೂತು ಹಾಜರಿ ಪುಸ್ತಕ ಕಟ್ಟುತ್ತಿದ್ದರು. ಇವರನ್ನು ಕಂಡು ಎದ್ದು ನಿಂತರು.

"ಈಗ ಬಂದಿರಾ ಪುಟ್ಟಲಕ್ಷ್ಮಮ್ಮನೋರೆ?"

"ನಾಳೀಕಲ್ವಾ ಸ್ವಾಮಿ? ಒಂದಿನ ಮೊದ್ಲೇ ಬಂದಿವ್ನಿ."

"ಇವತ್ತಾಗಿಹೋಯ್ತಮ್ಮ. ಸಾಹೇಬರು ಬಂದು ಹೋದರು."

ಗಾಡಿಗೆ ದಾರಿ ಬಿಟ್ಟು ಬೇಲಿಗೆ ಒತ್ತಿ ನಿಂತದ್ದು ಅವಳಿಗೆ ನೆನಪಾಯಿತು.  ಸೊಂಟದಿಂದ ದಾರ ಎಳೆದು ಮೇಷ್ಟ್ರ ಮುಂದೆ ಹಿಡಿದಳು.

"ನೀವೇ ಎಣಿಸಿ. ಹದಿನೈದು ಐತೆ. ಈ ರಾತ್ರಿದು ಸೇರಿದ್ರೆ ಹದಿನಾರು. ನೀವೇ ಅಂದಿದ್ದು, ಹದಿನಾರು ಮಂದೆ ಅಂತ!"

ಮೇಷ್ಟ್ರು ಒಂದೊಂದೇ ಗಂಟನ್ನು ಬೆರಳಲ್ಲಿ ತಡವಿದರು. ಎರಡು ಸಲ ಎಣಿಸಿದರು. ಆಮೇಲೆ ಗೋಡೆಯ ಮೇಲಿನ ಪಂಚಾಂಗದ ಹಾಳೆ ನೋಡಿದರು, ಮತ್ತೆ ದಾರ ನೋಡಿದರು.

"ನಡುವೆ ಒಂದು ರಾತ್ರಿ ಮಂದೆ ನಿಲ್ಲಿಸಲಿಲ್ಲವೇ?"

"ಯಾಕ್ ನಿಲ್ಸಕಿಲ್ಲ? ದಿನಾ ನಿಲ್ಸಿವಿ. ಅಮಾಸೆ ಒಂದು ಬುಟ್ಟು. ಅದು ದೇವ್ರುದು, ಅದ್ಯಾವ್ ಮಂದೆ?"

ಮೇಷ್ಟ್ರು ಜಗಲಿಯ ಮೇಲೆ ಕುಸಿದು ಕೂತರು. 

"ಎಲ್ಲರಿಗೂ ಮೂರನೇ ಸೋಮವಾರ ಅಂದೆ," ಎಂದರು. "ನಿಮಗೂ ಹಾಗೇ ಅಂದಿದ್ದರೆ ಸಾಕಾಗಿತ್ತು. ನಿಮ್ಮ ಮಾತಲ್ಲಿ ಹೇಳೋಕೆ ಹೋದೆ, ನಿಮ್ಮ ಲೆಕ್ಕ ನನಗೆ ಗೊತ್ತಿರಲಿಲ್ಲ."

"ಹೆಸ್ರು?"

"ಸಾಹೇಬರು ಕೂಗಿದರು. ಎಲ್ಲಿ ಅಂದರು. ಕುರಿ ಜೊತೆ ಹೋಗಿದಾಳೆ, ಬರ್ತಾಳೆ ಅಂದೆ. ಮಧ್ಯಾಹ್ನದವರೆಗೂ ಕಾದರು ಪಾಪ. ಆಮೇಲೆ ಕೆಂಪು ಶಾಯಿಯಲ್ಲಿ ಅವರೇ ಗೀಟು ಎಳೆದರು." ಮೇಷ್ಟ್ರು ಪುಸ್ತಕ ಬಿಚ್ಚಿ ತೋರಿಸಿದರು. ಪುಟ್ಟಲಕ್ಷ್ಮಮ್ಮನಿಗೆ ಅಕ್ಷರ ತಿಳಿಯದು, ಗೀಟು ತಿಳಿಯಿತು. ಅಕ್ಷರ ತಿಳಿದಿದ್ದ ಕೃಷ್ಣಮ್ಮ ನೋಡಿ, ಅವ್ವನ ಸೆರಗಿನೊಳಗೆ ಮುಖ ಹುದುಗಿಸಿದಳು.

"ನಾನು ಕಾಗದ ಬರೀತೀನಿ. ತಪ್ಪು ನನ್ನದು ಅಂತಲೇ ಬರೀತೀನಿ."

"ಬರುದ್ರೆ ಗೀಟು ಅಳಿಸ್ತಾರಾ?"

"ಗೊತ್ತಿಲ್ಲಮ್ಮ," ಎಂದರು ಮೇಷ್ಟ್ರು. ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ. "ಬೀರಲಿಂಗಯ್ಯನವರು ಬಂದು ಒಂದು ಮಾತು ಹೇಳಿದರೆ ನಾಳೆಯೇ ಮತ್ತೆ ಬರಕೊಳ್ಳಬಹುದು. ಅವರು ಬರ್ತಾರಾ?"

ಅವಳು ದಾರವನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳೊಡನೆ ಹೊರಟಳು.

ರಾತ್ರಿ ಅದೇ ಊರಲ್ಲಿದ್ದ ಅಕ್ಕನ ಮನೆಯಲ್ಲಿ ಉಳಿದರು. "ಹೋಗ್ಲಿ ಬುಡು, ಹೆಣ್ಕೂಸು ಓದಿ ಏನ್ ಸುಬೇದಾರ್‍ಕೆ ಮಾಡ್ಬೇಕಾ?" ಎಂದಳು ಅಕ್ಕ. ಪುಟ್ಟಲಕ್ಷ್ಮಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಗಂಡನಿಗೆ ಹೇಳದೆ ಇದ್ದರೆ? ಅವನೇನು ಪುಸ್ತಕ ನೋಡುವವನೇ? ಆದರೆ ಇಷ್ಟು ವರ್ಷದಲ್ಲಿ ಅವಳು ಅವನಿಗೆ ಒಂದು ಮರಿಯ ಸಾವನ್ನೂ ಬಚ್ಚಿಟ್ಟವಳಲ್ಲ. ಮುಚ್ಚಿಟ್ಟು ಓದಿಸಿದ ಓದು ಯಾರ ಮುಂದೆ ಬಿಚ್ಚುವುದಕ್ಕೆ?

ಬೆಳಿಗ್ಗೆ ಮಗಳ ಕೈ ಹಿಡಿದು ಚಾವಡಿಗೆ ಬಂದಳು.

"ಹೆಸ್ರು ಇಲ್ದಿದ್ರೂ ಕುಂತ್ಕಳಾದು ತಪ್ಪಾ ಸ್ವಾಮಿ?"

"ಹೆಸರಿಲ್ಲದೆ ಹಾಜರಿ ಹಾಕೋ ಹಾಗಿಲ್ಲ. ಮೇಲಿನ ತರಗತಿಗೂ ಹತ್ತಿಸೋ ಹಾಗಿಲ್ಲ." ಮೇಷ್ಟ್ರು ಹಿಂದಿನ ಸಾಲಿನ ಚಾಪೆಯನ್ನು ಸರಿಮಾಡಿದರು. "ಕೂತುಕೊಳ್ಳೋಕೆ ಯಾರಪ್ಪಣೆ ಬೇಕು? ಬಾಮ್ಮ."

ಕೃಷ್ಣಮ್ಮ ಹೋಗಿ ಕೂತಳು. ಹೆಸರು ಕೂಗುವಾಗ ಎಲ್ಲರೂ ಹಾಜರಿ ಹೇಳಿದರು, ಅವಳೊಬ್ಬಳನ್ನು ಬಿಟ್ಟು. ಬಾಗಿಲಾಚೆ ನಿಂತಿದ್ದ ತಾಯಿ ಅಷ್ಟು ಕೇಳಿಸಿಕೊಂಡು ಹೊರಟಳು.

ದಾರಿಯುದ್ದಕ್ಕೂ ಅವಳು ಮಾತುಗಳನ್ನು ಜೋಡಿಸಿಕೊಂಡಳು. ಅಮಾಸೆಯಿಂದ ಹೀಗಾಯಿತು, ಮೇಷ್ಟ್ರು ತಪ್ಪೊಪ್ಪಿಕೊಂಡರು, ನೀನು ಒಂದು ಹೆಜ್ಜೆ ಬಂದರೆ ಆಗುತ್ತದೆ. ಮಾರನೆಯ ದಿನ ಹೊತ್ತೇರುವಾಗ ಮಂದೆ ಸಿಕ್ಕಿತು. ಬೀರಲಿಂಗಯ್ಯ ಈಯುತ್ತಿದ್ದ ಕುರಿಯೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತಲೆ ಎತ್ತಿ ಅವಳ ಹಿಂದೆ ನೋಡಿದ.

"ಮೇಷ್ಟ್ರು ಏನಂದ್ರು?"

ಜೋಡಿಸಿಕೊಂಡದ್ದೆಲ್ಲ ಉದುರಿಹೋಯಿತು. "ಹೆಸ್ರು ಹೊಡ್ದಾಕವ್ರೆ. ಒಂದಿನ ತಡ ಆಯ್ತು. ಅಮಾಸೆ ನಾ ಎಣಿಸ್ನಿಲ್ಲ."

"ಮತ್ತೆ ಕೂಸೆಲ್ಲಿ?"

"ಇಸ್ಕೂಲಲ್ಲೇ ಬುಟ್ಟು ಬಂದಿವ್ನಿ."

ಬೀರಲಿಂಗಯ್ಯ ಕುರಿಯ ಬೆನ್ನು ನೀವಿದ. "ನಾ ಆಡಿದ್ ಮಾತು ನೆಪ್ಪೈತಾ?" ಎಂದ.

"ಐತೆ."

"ಅಪ್ಪ ಬಂದು ಬರಸ್ಬೇಕು ಅಂತ ಅವತ್ತೇ ಅಂದಿದ್ಯಲ್ಲ, ನಾ ಹೋಗಕಿಲ್ಲ."

"ಹೋಗ್ಬ್ಯಾಡ."

"ಮಂದೆಗೆ ಒಂದಾಳು ಕಮ್ಮಿ ಆಯ್ತದೆ."

"ಅವಳ ಪಾಲಿಂದು ನಾ ಮಾಡ್ತೀನಿ. ಕೂಸು ಅಲ್ಲೇ ಇರ್ತದೆ."

ಅವನು ಅವಳ ಮುಖವನ್ನೇ ನೋಡಿದ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಅವನ ಮಾತಿಗೆ ಅಡ್ಡ ನಿಂತದ್ದು ಅದೇ ಮೊದಲು. ಹೇಗೆ ನಿಲ್ಲಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ನಿಂತವಳನ್ನು ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ.  ಕುರಿ ಮುಲುಗಿತು. ಮರಿಯ ಗೊರಸು ಕಾಣಿಸಿತು. ಅವನು ಹಿಂದಕ್ಕೆ ಸರಿದು ಜಾಗ ಬಿಟ್ಟ. ಕೂಸನ್ನು ಕರೆತರಲು ಆವತ್ತೂ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ. ಪುಟ್ಟಲಕ್ಷ್ಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣ್ಣಾದ ಕೈಯನ್ನು ಸೀರೆಗೆ ಒರಸಿಕೊಂಡು, ಮರಿ ಎಳೆಯಲು ಕೂತಳು.