ನಳದ ಗೂಟ

ಹೇಮಪ್ಪಗೌಡ ಬೀಸಿದ ಹಾರೆ ನಳದ ಮೇಲೆ ಬಿದ್ದಾಗ ಹುಲಿಗವ್ವಳ ಬಲಗೈ ಇನ್ನೂ ಅಲ್ಲೇ ಇತ್ತು. ನಳದ ಹಿತ್ತಾಳೆ ತಲೆ ಹಾರಿ ಚರಂಡಿಗೆ ಬಿತ್ತು, ಬೆರಳುಗಳು ಜಜ್ಜಿಹೋದವು. ಮುರಿದ ಪೈಪಿನಿಂದ ಚಿಮ್ಮಿದ ನೀರು ಕೆಂಪಾಗಿ ಹರಿಯಿತು. ಸಾಲಿನಲ್ಲಿದ್ದ ಹೆಂಗಸರು ಮೈಲಿಗೆಗೆ ಹೆದರಿ ತಮ್ಮ ಕೊಡಗಳನ್ನು ಹಿಂದಕ್ಕೆಳೆದುಕೊಂಡರು.

ಕೇರಿಯವರು ದೂರ ನಿಂತು, ಮೇಲಿನ ಓಣಿಯವರು ಯಾರಾದರೂ ಮನಸ್ಸು ಮಾಡಿ ನೀರು ಸುರಿಯುವವರೆಗೆ ಕಾಯಬೇಕಿತ್ತು. ಹುಲಿಗವ್ವಳ ಮನೆಯಲ್ಲಿ ಸೊಸೆ ಹಸಿ ಬಾಣಂತಿ. ಕಾದು ಕಾದು ಸಾಕಾಗಿ ಅವಳೇ ನಳ ತಿರುಗಿಸಿದ್ದಳು. ಅದು ಸರ್ಕಾರದ ನಳ, ಗೌಡನ ಅಪ್ಪ ತೋಡಿಸಿದ ಬಾವಿಯಲ್ಲ.

ನೀರು ಬಿಡುವ ಮಕ್ಬುಲಸಾಬ ಗೌಡನ ಮಾತಿನಂತೆ ಜಾಲಿ ಗೂಟ ಕೆತ್ತಿ ಪೈಪಿನ ಬಾಯಿಗೆ ಬಡಿದ. ಇನ್ನು ಗೌಡನ ಆಳು ಮಾತ್ರ ಅದನ್ನು ಕೀಳಬೇಕು. ಕೇರಿಗೆ ಹನಿ ನೀರೂ ಇಲ್ಲ.

ಮಕ್ಬುಲಸಾಬನಿಗೆ ಇಂಗ್ಲಿಷ್ ಪದಗಳ ಹುಚ್ಚು. ಕುಷ್ಟಗಿಯ ತರಬೇತಿಯಲ್ಲಿ ಮುದಿ ಎಂಜಿನಿಯರೊಬ್ಬರು ಹೇಳಿದ್ದನ್ನು ಕಂಡಕಂಡವರಿಗೆಲ್ಲ ಒಪ್ಪಿಸುತ್ತಿದ್ದ. ವಾಲ್ವ್ ಅಂದರೆ ಹಳೇ ಲ್ಯಾಟಿನ್ ಭಾಷೆಯಲ್ಲಿ ಬಾಗಿಲ ಕದ; ನಳದ ಕಾಕ್ ಅಂದರೆ ಹುಂಜ; ಕಾಲುವೆ ತೂಬಿನ ಸ್ಲೂಸ್ ಬಂದದ್ದು ಹೊರಗಿಡುವುದು ಎಂಬ ಮಾತಿನಿಂದ; ಟ್ಯಾಪ್ ಅಂದರೆ ಮೊದಲು ಪೀಪಾಯಿಯ ತೂತಿಗೆ ಜಡಿಯುತ್ತಿದ್ದ ಕಟ್ಟಿಗೆಯ ಗೂಟ. ಅದನ್ನು ಕೇಳಿ ಹುಲಿಗವ್ವ ಬಿದ್ದು ಬಿದ್ದು ನಕ್ಕಿದ್ದಳು. ಈಗ ಅವನಿಗೆ ತನ್ನ ನಾಲಿಗೆಯ ಮೇಲೇ ಹೇಸಿಕೆ ಬಂತು.

ಸಂಜೆ ಅವಳು ಕೈಗೆ ಅರಿವೆ ಸುತ್ತಿಕೊಂಡು ಬಂದಳು. "ಗೂಟ ಬಡದ ಕೈ ನಿಂದು, ಸಾಬಣ್ಣ. ನಾಳಿ ನೀರು ಬಿಡೂದು ಮರೀಬ್ಯಾಡ, ಅಷ್ಟ ಸಾಕು."

"ನಿನ್ನ ಕೊಂದ ಹಾಕ್ತಾರಬೇ."

"ಬಾಣಂತಿ ನೀರಿಲ್ದ ಸತ್ರ ಅದು ಕೊಲಿ ಅಲ್ಲೇನು?"

ಮರುದಿನ ಓಣಿಯ ತುದಿಯ ಗುಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಮಕ್ಬುಲಸಾಬ ಕಬ್ಬಿಣದ ಚಾವಿ ಹಾಕಿ ವಾಲ್ವ್ ತೆರೆದ. ಹುಲಿಗವ್ವ ಸಾಲು ದಾಟಿ ನೇರ ಬಂದಳು, ಕೊಡವನ್ನು ಪೈಪಿನ ಕೆಳಗಿಟ್ಟಳು, ಮಂಡಿಯೂರಿ ಗೂಟವನ್ನು ಹಲ್ಲಿನಿಂದ ಕಚ್ಚಿದಳು. ಗೌಡನ ಆಳು ಬೆನ್ನಿಗೆ ಬಡಿಗೆಯಿಂದ ಹೊಡೆದ. ಅವಳು ಬಿಡಲಿಲ್ಲ. ಹಲ್ಲೊಂದು ಲಟಕ್ಕೆಂದಿತು. ಗೂಟ ಕಿತ್ತು ಬಂತು, ನೀರು ಮುಖಕ್ಕೆ ರಾಚಿತು.

"ಬಂದ್ ಮಾಡಲೇ, ಸಾಬ," ಎಂದ ಗೌಡ.

ಮಕ್ಬುಲಸಾಬ ಚಾವಿಯನ್ನು ಇನ್ನಷ್ಟು ಬಿಚ್ಚುವ ಕಡೆಗೇ ತಿರುವಿ, ಕಳಚಿ, ಮುಳ್ಳುಕಂಟಿಯೊಳಗೆ ಎಸೆದ. ಗೌಡ ಹಾರೆ ಹಿಡಿದು ಅವನತ್ತ ಬರತೊಡಗಿದ.

ಕೊಡ ತುಂಬುವವರೆಗೂ ಹುಲಿಗವ್ವಳ ಬೆನ್ನಿನ ಮೇಲೆ ಏಟುಗಳು ಬೀಳುತ್ತಲೇ ಇದ್ದವು. ತುಂಬಿದ ಮೇಲೆ ಎದ್ದಳು. ಎಡಗೈಯಿಂದ ಕೊಡವನ್ನು ಸೊಂಟಕ್ಕೇರಿಸಿ ಕೇರಿಯ ಕಡೆ ನಡೆದಳು. ಕೊಡದ ನೀರಿನಲ್ಲಿ ಹಲ್ಲಿನ ಗುರುತಿನ ಗೂಟ ತೇಲುತ್ತಿತ್ತು.