ಮೀನಿನ ವಯಸ್ಸು

ಭಾನುವಾರ ಟಿವಿಯಲ್ಲಿ ಮಕ್ಕಳ ವಿಜ್ಞಾನ ಕಾರ್ಯಕ್ರಮ ಶುರುವಾದರೆ ಸಾಕು, ತದಡಿಯ ಹೊನ್ನಮ್ಮ ಹಿತ್ತಿಲಲ್ಲಿ ಕೊಯ್ಯಬೇಕಾದ ಮೀನನ್ನು ಹಿಂಬಾಗಿಲ ಹೊಸಿಲಿಗೇ ತಂದು ಕೂರುತ್ತಿದ್ದಳು. ನೆಪಕ್ಕೆ ಮಗಳು ದಿವ್ಯಶ್ರೀ. ಕಣ್ಣು ಮಿಟುಕಿಸದೆ ನೋಡುವವಳು ಮಾತ್ರ ತಾನೇ.

ಆ ದಿನ, ಮೀನಿನ ಹುರುಪೆಯ ಮೇಲಿರುವ ಉಂಗುರಗಳನ್ನು ಎಣಿಸಿದರೆ ಅದರ ವಯಸ್ಸು ತಿಳಿಯುತ್ತದೆ ಎಂದು ಟಿವಿಯಲ್ಲಿ ಹೇಳಿದರು.

"ಸುಳ್ಳು! ಹುಟ್ಟಿದಾಗಿಂದ ಹುರುಪೆ ಕೆರೀತಾ ಬಂದವಳು ನಾನು. ನಂಗೆ ಕಾಣದ್ದು ಇವ್ರಿಗೆಂತ ಕಾಣ್ತದೆ?" ಎಂದು ಹೊನ್ನಮ್ಮ ರೇಗಿದಳು. ಆದರೂ ಮೊಣಕೈಗೆ ಅಂಟಿದ್ದ ಹುರುಪೆಯೊಂದನ್ನು ಕಿತ್ತು ಮಗಳ ಭೂತಗನ್ನಡಿಯ ಕೆಳಗೆ ಹಿಡಿದಳು. ಒಂದು, ಎರಡು, ಮೂರು, ನಾಲ್ಕು!

"ಮೀನಿಗೂ ಲೆಕ್ಕ ಉಂಟಲ್ಲೇ! ನನ್ನ ವಯಸ್ಸು ರೇಷನ್ ಕಾರ್ಡಿನವ ಮುಖ ನೋಡಿ ಅಂದಾಜಿಗೆ ಬರೆದದ್ದು."

ಹೊನ್ನಮ್ಮ ಎದ್ದು ಹೋಗಿ ಕೈ ತೊಳೆದು ಬಂದಳು. ಅಂಗೈಯನ್ನು ಭೂತಗನ್ನಡಿಯ ಕೆಳಗೆ ಚಾಚಿದಳು.

"ನಂದೆಷ್ಟಾತು, ನೋಡೇ."